ಚಿಕ್ ವೆಬ್: ಗೆದ್ದವನೊಬ್ಬ, ಕಿರೀಟ ಇನ್ನೊಬ್ಬನಿಗೆ

ಸ್ವಿಂಗ್ ಸಂಗೀತದ ರಾಜ ಯಾರು ಅಂತ ಒಮ್ಮೆ ಹುಡುಕಿ ನೋಡಿ. ಮೊದಲು ಬರುವ ಹೆಸರು ಬೆನ್ನಿ ಗುಡ್‌ಮನ್. 1930ರ ದಶಕದಲ್ಲಿ ಅಮೆರಿಕದ ಯುವಜನರನ್ನೆಲ್ಲ ಕುಣಿಸಿದ ಬಿಳಿಯ ಕ್ಲಾರಿನೆಟ್ ವಾದಕ. ಆದರೆ 1937ರ ಮೇ 11ರ ರಾತ್ರಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಇದೇ ರಾಜ ಮುಖಾಮುಖಿ ಪೈಪೋಟಿಯಲ್ಲಿ ಸೋತ. ಸೋಲಿಸಿದವನು ನಾಲ್ಕು ಅಡಿ ಎತ್ತರದ, ಬೆನ್ನು ಬಾಗಿದ, ನೋಟೇಶನ್ ಓದಲು ಬಾರದ ಒಬ್ಬ ಕಪ್ಪು ಡ್ರಮ್ಮರ್. ಹೆಸರು ವಿಲಿಯಂ ಹೆನ್ರಿ ವೆಬ್. ಜನ ಕರೆಯುತ್ತಿದ್ದದ್ದು ಚಿಕ್ ಅಂತ.

ಇದನ್ನು ಕೇಳಿದ ತಕ್ಷಣ ನಮ್ಮ ತಲೆಯಲ್ಲಿ ಒಂದು ಸಿದ್ಧ ಕಥೆ ಓಡುತ್ತೆ: ಅಂಗವೈಕಲ್ಯ ಮೆಟ್ಟಿ ನಿಂತ ಸಾಧಕ, ಸ್ಫೂರ್ತಿಯ ಸೆಲೆ, ಶೇರ್ ಮಾಡಿ. ಆ ಕಥೆಯನ್ನು ಸ್ವಲ್ಪ ಪಕ್ಕಕ್ಕಿಡೋಣ. ವೆಬ್ ಡ್ರಮ್ ಕಲಿತದ್ದು ಹೇಗೆ, ಆತನಿಗೆ ದಕ್ಕಿದ್ದೇನು, ದಕ್ಕದೇ ಹೋದದ್ದೇನು ಅಂತ ನೋಡಿದರೆ ಒಬ್ಬನ ಛಲಕ್ಕಿಂತ ದೊಡ್ಡ ಸಂಗತಿಗಳು ಕಾಣಿಸುತ್ತವೆ.

ಬಾಲ್ಟಿಮೋರ್‌ನ ಹುಡುಗ

ವೆಬ್ ಹುಟ್ಟಿದ್ದು ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್‌ನಲ್ಲಿ, ಫೆಬ್ರವರಿ 10ರಂದು. ವರ್ಷದ ಬಗ್ಗೆ ದಾಖಲೆಗಳು ಒಂದೊಂದು ಲೆಕ್ಕ ಹೇಳುತ್ತವೆ. ಹೆಚ್ಚಿನವರು ಒಪ್ಪುವುದು 1905. ಬಡ ಮನೆತನದ ಕಪ್ಪು ಮಗುವಿನ ಹುಟ್ಟಿದ ದಿನವನ್ನು ಯಾರೂ ಅಷ್ಟು ಮುತುವರ್ಜಿಯಿಂದ ಬರೆದಿಡುತ್ತಿರಲಿಲ್ಲ. ನಮ್ಮ ಅಜ್ಜಿ ತಾತಂದಿರ ಜನ್ಮದಿನಾಂಕ ಕೇಳಿದರೂ ಇದೇ ಪಾಡಲ್ಲವೇ?

ಆತ ಬೆಳೆದದ್ದು ತಾಯಿಯ ತವರಿನಲ್ಲಿ, ಅಜ್ಜನ ಮನೆಯಲ್ಲಿ. 1910ರಲ್ಲಿ, ವೆಬ್ ಇನ್ನೂ ಮಗುವಾಗಿದ್ದಾಗ, ಬಾಲ್ಟಿಮೋರ್ ನಗರ ಒಂದು ಕಾನೂನು ಮಾಡಿತು. ಬಿಳಿಯರು ಹೆಚ್ಚಿರುವ ಬೀದಿಗೆ ಕಪ್ಪು ಜನ ಮನೆ ಬದಲಿಸಿಕೊಂಡು ಬರುವಂತಿಲ್ಲ, ಕಪ್ಪು ಜನರ ಬೀದಿಗೆ ಬಿಳಿಯರು ಹೋಗುವಂತಿಲ್ಲ. ಅಮೆರಿಕದಲ್ಲಿ ಈ ಬಗೆಯ ಕಾನೂನು ಮಾಡಿದ ಮೊದಲ ನಗರ ಅದು. 1917ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇಂಥ ಕಾನೂನುಗಳನ್ನು ಹೊಡೆದುಹಾಕಿತು. ಆದರೆ ಅಷ್ಟರಲ್ಲಿ ಗೆರೆಗಳು ಬಿದ್ದಾಗಿತ್ತು. ಕಾನೂನು ಹೋದರೂ ಗೆರೆ ಹೋಗಲಿಲ್ಲ.

ಇಂಥ ಊರಿನಲ್ಲಿ ಈ ಮಗುವಿನ ಬೆನ್ನಿಗೆ ಪೆಟ್ಟು ಬಿತ್ತು. ಚಿಕ್ಕಂದಿನಲ್ಲಿ ಮೆಟ್ಟಿಲಿನಿಂದ ಬಿದ್ದನೆಂದು ಮನೆಯವರು ಹೇಳುತ್ತಿದ್ದರು. ವೈದ್ಯರ ಲೆಕ್ಕದಲ್ಲಿ ಅದು ಬೆನ್ನುಮೂಳೆಯ ಕ್ಷಯ. ಕ್ಷಯ ಅಂದರೆ ಶ್ವಾಸಕೋಶದ ಕಾಯಿಲೆ ಅಂತಲೇ ನಾವು ತಿಳಿದಿರುತ್ತೇವೆ, ಆದರೆ ಅದು ಮೂಳೆಯನ್ನೂ ತಿನ್ನುತ್ತೆ. ಅದಕ್ಕೆ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ, ಅಂದರೆ ವೆಬ್ ಸತ್ತು ನಾಲ್ಕು ವರ್ಷದ ನಂತರ. ಮಗುವಿನ ಬೆನ್ನು ಬಾಗಿತು, ಬೆಳವಣಿಗೆ ನಾಲ್ಕಡಿಯ ಆಸುಪಾಸಿಗೆ ನಿಂತುಬಿಟ್ಟಿತು, ನೋವು ಜೀವನಪೂರ್ತಿ ಜೊತೆಗೇ ಉಳಿಯಿತು.

ಸೆಡೆತುಕೊಂಡ ಕೈಕಾಲು ಸಡಿಲವಾಗಲಿ ಅಂತ ವೈದ್ಯರೊಬ್ಬರು ಡ್ರಮ್ ಬಾರಿಸುವಂತೆ ಹೇಳಿದರಂತೆ. ಸಲಹೆ ಪುಕ್ಕಟೆ, ಡ್ರಮ್ ಪುಕ್ಕಟೆ ಅಲ್ಲ. ಹುಡುಗ ಮೊದಲು ಮನೆಯ ಪಾತ್ರೆಪಗಡೆಗಳನ್ನು ಬಡಿದ. ಆಮೇಲೆ ಬೀದಿಯಲ್ಲಿ ನಿಂತು ಪೇಪರ್ ಮಾರಿದ. ಆ ಚಿಲ್ಲರೆ ಕೂಡಿಸಿ ಡ್ರಮ್ ಕೊಂಡ. ಹನ್ನೊಂದನೇ ವಯಸ್ಸಿಗೆ ದುಡ್ಡು ಪಡೆದು ಬಾರಿಸತೊಡಗಿದ. ಒಂದು ಮಗುವಿನ ವೈದ್ಯಕೀಯ ಚಿಕಿತ್ಸೆಯ ಖರ್ಚನ್ನು ಆ ಮಗುವೇ ದುಡಿದು ಹೊಂದಿಸಿಕೊಂಡಿತು ಅಂತ ಇದನ್ನು ಓದಿಕೊಳ್ಳಬಹುದು. ಸ್ಫೂರ್ತಿಯ ಪೋಸ್ಟರ್‌ಗಳಲ್ಲಿ ಈ ಸಾಲು ಇರೋದಿಲ್ಲ.

ಮೂರು ಜನರ ಕೆಲಸ, ಒಬ್ಬನ ಕಾಲು

ಇಲ್ಲಿ ವಾದ್ಯದ ಬಗ್ಗೆ ಎರಡು ಮಾತು. ನಮ್ಮ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ ನೆನಪಿಸಿಕೊಳ್ಳಿ. ದೊಡ್ಡ ಡ್ರಮ್ ಒಬ್ಬರ ಹೆಗಲಲ್ಲಿ, ಸಣ್ಣದು ಇನ್ನೊಬ್ಬರ ಸೊಂಟದಲ್ಲಿ. ಅಮೆರಿಕದ ಬ್ಯಾಂಡ್‌ಗಳೂ ಹಾಗೇ ಇದ್ದವು. ಸಂಗೀತ ಬೀದಿಯಿಂದ ಸಭಾಂಗಣಕ್ಕೆ ಬಂದಾಗ ಜಾಗ ಕಮ್ಮಿ, ಕೊಡುವ ಸಂಬಳ ಇನ್ನೂ ಕಮ್ಮಿ. ಮೂವರ ಕೆಲಸವನ್ನು ಒಬ್ಬನೇ ಕೂತು ಮಾಡುವ ದಾರಿ ಬೇಕಿತ್ತು. 1909ರಲ್ಲಿ ವಿಲಿಯಂ ಲುಡ್ವಿಗ್ ವೇಗವಾಗಿ ಬಾರಿಸಬಲ್ಲ ಕಾಲಿನ ಪೆಡಲ್‌ಗೆ ಪೇಟೆಂಟ್ ಪಡೆದ. ದೊಡ್ಡ ಡ್ರಮ್ ಕೈಯಿಂದ ಕಾಲಿಗೆ ಇಳಿಯಿತು. ಇವತ್ತು ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಕಾಣುವ ಡ್ರಮ್ ಸೆಟ್‌ನ ಹುಟ್ಟು ಅಲ್ಲಿದೆ. ಅಂದರೆ ವೆಬ್ ಮತ್ತು ಆತನ ವಾದ್ಯ ಹೆಚ್ಚುಕಮ್ಮಿ ಒಟ್ಟಿಗೇ ಬೆಳೆದವು.

ಆದರೆ ಈ ವಾದ್ಯ ತಯಾರಾದದ್ದು ಉದ್ದ ಕಾಲಿನವರ ಅಳತೆಗೆ. ವೆಬ್ ಮಾಡಿದ್ದು ಸರಳ: ತನ್ನ ಅಳತೆಗೆ ಪೆಡಲ್ ಮಾಡಿಸಿಕೊಂಡ. ಸಿಂಬಲ್‌ಗಳು ಕೈಗೆ ಎಟುಕುವಂತೆ ಬಾತುಕೋಳಿಯ ಕತ್ತಿನ ಹಾಗೆ ಬಾಗಿದ ಹಿಡಿಕೆ ಹಾಕಿಸಿದ. ಬೇಸ್ ಡ್ರಮ್ ಮಾತ್ರ ಚಿಕ್ಕದಾಗಲಿಲ್ಲ. 28 ಇಂಚು, ಆತನ ಎತ್ತರದ ಅರ್ಧಕ್ಕಿಂತ ಹೆಚ್ಚು. ಇಂಜಿನಿಯರಿಂಗ್ ಓದಿದ ನನ್ನಂಥವರಿಗೆ ಇಲ್ಲೊಂದು ಪಾಠವಿದೆ. ಬಳಸುವ ಮನುಷ್ಯನಿಗೆ ಯಂತ್ರ ಹೊಂದಿಕೊಳ್ಳದಿದ್ದರೆ ದೋಷ ಯಂತ್ರದ ವಿನ್ಯಾಸದ್ದು, ಮನುಷ್ಯನ ದೇಹದ್ದಲ್ಲ. ಇದನ್ನು ಒಪ್ಪಿಕೊಂಡಿದ್ದರೆ ನಮ್ಮ ಬಸ್ಸಿನ ಮೆಟ್ಟಿಲುಗಳು ಇಷ್ಟು ಎತ್ತರ ಇರುತ್ತಿರಲಿಲ್ಲ.

ಹಡಗಿನಿಂದ ಹಾರ್ಲೆಮ್‌ಗೆ

ಹದಿಹರೆಯದಲ್ಲಿ ವೆಬ್ ಜಜೋಲಾ ಅನ್ನೋ ತಂಡ ಸೇರಿದ. ಜನ ವಿಹಾರಕ್ಕೆ ಹೋಗುವ ಹಡಗುಗಳಲ್ಲಿ ಈ ತಂಡ ಬಾರಿಸುತ್ತಿತ್ತು. ಅಲ್ಲೇ ಜಾನ್ ಟ್ರೂಹಾರ್ಟ್ ಎಂಬ ಬ್ಯಾಂಜೊ, ಗಿಟಾರ್ ವಾದಕ ಗೆಳೆಯನಾದ. ಡ್ರಮ್ಮರನಿಗೆ ಲಯ ಹಂಚಿಕೊಳ್ಳುವ ಒಬ್ಬ ಜೊತೆಗಾರ ಸಿಗೋದು ದೊಡ್ಡ ಭಾಗ್ಯ. ಮುಂದಿನ ಹತ್ತಕ್ಕೂ ಹೆಚ್ಚು ವರ್ಷ ಇಬ್ಬರ ಹಾದಿ ಒಂದೇ ಆಯಿತು. 1920ರ ದಶಕದ ಮಧ್ಯದಲ್ಲಿ, ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿ, ಇಬ್ಬರೂ ನ್ಯೂಯಾರ್ಕಿಗೆ ಹೊರಟರು.

ಆಗಿನ ಹಾರ್ಲೆಮ್ ಅಂದರೆ ದಕ್ಷಿಣದ ರಾಜ್ಯಗಳ ಹಿಂಸೆ, ಬಡತನದಿಂದ ತಪ್ಪಿಸಿಕೊಂಡು ಬಂದ ಲಕ್ಷಾಂತರ ಕಪ್ಪು ಜನರ ನಗರದೊಳಗಿನ ನಗರ. ಕವಿಗಳು, ಪತ್ರಿಕೆಗಳು, ಚಳವಳಿಗಳು, ಅವುಗಳ ನಡುವೆ ರಾತ್ರಿಯಿಡೀ ಸಂಗೀತ. ಅಲ್ಲಿ ಟಾಮಿ ಬೆನ್‌ಫರ್ಡ್ ಎಂಬ ಡ್ರಮ್ಮರ್ ವೆಬ್‌ಗೆ ಕೆಲವು ಪಾಠ ಹೇಳಿಕೊಟ್ಟ. ಮಿಕ್ಕ ಪಾಠ ಕ್ಲಬ್ಬುಗಳದ್ದು. ಒಬ್ಬ ಬಾರಿಸುವುದನ್ನು ಇನ್ನೊಬ್ಬ ಕೇಳೋದು, ಮರುದಿನ ಅದಕ್ಕಿಂತ ಚೆನ್ನಾಗಿ ಬಾರಿಸೋದು, ಇದೇ ಶಾಲೆ.

1926ರಲ್ಲಿ ಡ್ಯೂಕ್ ಎಲಿಂಗ್ಟನ್ ಒಂದು ಕ್ಲಬ್ಬಿಗೆ ವೆಬ್ ಹೆಸರು ಸೂಚಿಸಿದ. ತಂಡದ ನಾಯಕನಾಗು ಅಂದಾಗ ವೆಬ್ ಹಿಂಜರಿದ. ಬಾರಿಸುವುದಷ್ಟೇ ಆತನಿಗೆ ಬೇಕಿದ್ದದ್ದು. ಕೊನೆಗೆ ಒಪ್ಪಿದ. ಸ್ಯಾಕ್ಸೊಫೋನ್ ವಾದಕ ಜಾನಿ ಹಾಡ್ಜಸ್‌ನಂಥ ಪ್ರತಿಭಾವಂತರು ಆತನ ಸಣ್ಣ ತಂಡದಲ್ಲಿದ್ದರು. ಆಮೇಲೆ ಹೆಚ್ಚು ಸಂಬಳ, ಹೆಚ್ಚು ಹೆಸರು ಇರುವ ತಂಡಗಳು ಅಂಥವರನ್ನು ಸೆಳೆದುಕೊಂಡವು. 1928ರಲ್ಲಿ ಹಾಡ್ಜಸ್ ಎಲಿಂಗ್ಟನ್ ತಂಡಕ್ಕೇ ಹೋದ. ವೆಬ್ ಮತ್ತೆ ಹೊಸಬರನ್ನು ಹುಡುಕಿದ, ಮತ್ತೆ ಕಟ್ಟಿದ. ಕೆಲಸ ಇದ್ದಾಗ ಊಟ, ಇಲ್ಲದಾಗ ಅಭ್ಯಾಸ.

ನೋಟೇಶನ್ ಬಾರದವನು ತಂಡ ನಡೆಸಿದ್ದು ಹೇಗೆ? ನೆನಪಿನಿಂದ. ಪ್ರತಿ ವಾದ್ಯದ ಪಾಲೂ ಆತನಿಗೆ ಬಾಯಿಪಾಠ. ಯಾರಾದರೂ ತಪ್ಪಿದರೆ ಆ ಭಾಗವನ್ನು ಬಾಯಲ್ಲೇ ಹಾಡಿ ತೋರಿಸುತ್ತಿದ್ದ. ನಮ್ಮ ಜನಪದ ಮೇಳಗಳಲ್ಲಿ ಇದು ಸಹಜ ಸಂಗತಿ. ಕಾಗದದ ಮೇಲಿರುವುದೇ ವಿದ್ಯೆ ಎಂದುಕೊಂಡವರಿಗೆ ಮಾತ್ರ ವಿಚಿತ್ರ ಅನ್ನಿಸಬೇಕು.

ಆ ದಿನಗಳ ವೆಬ್ ಹೇಗೆ ಬಾರಿಸುತ್ತಿದ್ದ ಅಂತ ಪೂರ್ತಿ ಕೇಳುವ ಅವಕಾಶ ನಮಗಿಲ್ಲ. 1929ರಲ್ಲಿ ಜಂಗಲ್ ಬ್ಯಾಂಡ್ ಎಂಬ ಹೆಸರಲ್ಲಿ ಮಾಡಿದ ಧ್ವನಿಮುದ್ರಣ ಉಳಿದಿದೆ. ಆದರೆ ಆ ಕಾಲದ ತಂತ್ರಜ್ಞಾನಕ್ಕೆ ಡ್ರಮ್ ಅಂದರೆ ಭಯ. ಜೋರು ಪೆಟ್ಟು ಬಿದ್ದರೆ ಮೇಣದ ಮೇಲೆ ಕೊರೆಯುವ ಸೂಜಿ ಹಾರಬಹುದು ಅಂತ ಡ್ರಮ್ಮರ್‌ಗಳನ್ನು ದೂರ ಕೂರಿಸುತ್ತಿದ್ದರು, ಮೆಲ್ಲಗೆ ಬಾರಿಸಿ ಅನ್ನುತ್ತಿದ್ದರು. ಮುಂದೆ 'ಹಾರ್ಲೆಮ್ ಕಾಂಗೊ', 'ಲೈಜಾ' ಮುದ್ರಣಗಳಲ್ಲಿ ಆತನ ಕೈ ಸ್ಪಷ್ಟವಾಗಿ ಕೇಳುತ್ತೆ. ಜೋರಿನಷ್ಟೇ ಮೃದುವೂ ಇರುವ, ಹಾಡಿನ ತಿರುವನ್ನು ಒಂದು ಕ್ಷಣ ಮೊದಲೇ ಸೂಚಿಸುವ ಕೈ.

ಸವಾಯ್ ಎಂಬ ನೆಲ

1926ರ ಮಾರ್ಚಿನಲ್ಲಿ ಹಾರ್ಲೆಮ್‌ನ ಲೆನಾಕ್ಸ್ ಅವೆನ್ಯೂದಲ್ಲಿ ಸವಾಯ್ ಬಾಲ್‌ರೂಂ ಶುರುವಾಯಿತು. ಅಲ್ಲಿ ಕಪ್ಪು ಜನರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿಯಬಹುದಿತ್ತು. ಅದೇ ಹಾರ್ಲೆಮ್‌ನ ಕಾಟನ್ ಕ್ಲಬ್‌ನಲ್ಲಿ ಕಪ್ಪು ಕಲಾವಿದರು ವೇದಿಕೆ ಮೇಲಿದ್ದರೆ ಕೆಳಗೆ ಕೂರುವವರು ಬಿಳಿಯರು ಮಾತ್ರ. ಹಾಗಂತ ಸವಾಯ್ ಸ್ವರ್ಗವೇನೂ ಅಲ್ಲ. ಮ್ಯಾನೇಜರ್ ಚಾರ್ಲ್ಸ್ ಬುಕಾನನ್ ಕಪ್ಪು ವ್ಯಕ್ತಿ, ಬಂಡವಾಳ ಮತ್ತು ಲಾಭ ಬಿಳಿಯ ಮಾಲೀಕ ಮೋ ಗೇಲ್ ಕಡೆಗೆ. ವೆಬ್‌ನ ವ್ಯವಹಾರ ನೋಡಿಕೊಳ್ಳುತ್ತಿದ್ದವನೂ ಅದೇ ಗೇಲ್.

1930ರ ದಶಕದ ಆರಂಭಕ್ಕೆ ವೆಬ್ ತಂಡ ಸವಾಯ್‌ನ ಮನೆ ತಂಡವಾಯಿತು. ಆತನ ಡ್ರಮ್ ಪಳಗಿದ್ದು ಇಲ್ಲಿ. ಸವಾಯ್‌ನಲ್ಲಿ ಎರಡು ವೇದಿಕೆ. ಒಂದು ತಂಡ ನಿಲ್ಲಿಸಿದ ಕೂಡಲೇ ಇನ್ನೊಂದು ಶುರು, ಕುಣಿತ ನಿಲ್ಲುವಂತಿಲ್ಲ. ಹಗಲು ಕಾರ್ಖಾನೆಯಲ್ಲೋ ಶ್ರೀಮಂತರ ಅಡುಗೆಮನೆಯಲ್ಲೋ ದುಡಿದು ಬಂದ ಹುಡುಗ ಹುಡುಗಿಯರು ಅಲ್ಲಿ ಲಿಂಡಿ ಹಾಪ್ ಕುಣಿಯುತ್ತಿದ್ದರು. ಅವರೇ ವಿಮರ್ಶಕರು. ಲಯ ಸಡಿಲವಾದರೆ ಅವರ ಕಾಲು ಹೇಳಿಬಿಡುತ್ತಿತ್ತು. ಎತ್ತರದ ಪೀಠದ ಮೇಲೆ ಕೂತ ವೆಬ್ ಅವರ ಕಾಲುಗಳನ್ನು ನೋಡುತ್ತಾ ಬಾರಿಸುತ್ತಿದ್ದ, ಅವರು ಆತನ ಕೈ ನೋಡುತ್ತಾ ಕುಣಿಯುತ್ತಿದ್ದರು. ಆ ಲಯ ಒಬ್ಬನ ಆಸ್ತಿಯಲ್ಲ, ಆ ನೆಲದ್ದು.

1937ರ ಆ ರಾತ್ರಿ ಗುಡ್‌ಮನ್ ತಂಡ ಬಂದಾಗ ಸುಮಾರು 4 ಸಾವಿರ ಜನ ಒಳಗಿದ್ದರು, ಇನ್ನೂ ಸಾವಿರಾರು ಜನ ಬೀದಿಯಲ್ಲಿ. ಗುಡ್‌ಮನ್ ಕಡೆ ಡ್ರಮ್ ಮುಂದೆ ಕೂತಿದ್ದವನು ದೇಶದ ಅತಿ ಪ್ರಸಿದ್ಧ ಡ್ರಮ್ಮರ್ ಜೀನ್ ಕ್ರೂಪಾ. ಪೈಪೋಟಿಯ ಕೊನೆಗೆ ಕ್ರೂಪಾ ವೆಬ್‌ಗೆ ತಲೆಬಾಗಿದ. ಸೋಲನ್ನು ಆತ ಮುಂದೆಯೂ ಮುಚ್ಚಿಡಲಿಲ್ಲ. ಹಾಗಂತ ವೆಬ್ ಅಜೇಯನೇನಲ್ಲ. ಅದೇ ವರ್ಷ ಎಲಿಂಗ್ಟನ್ ತಂಡದ ಎದುರು ಆತ ಸೋತಿದ್ದ.

ಹಾಡು ಯಾರದು?

ಈಗ ಕಿರೀಟದ ವಿಷಯ. 'ಸ್ಟಾಂಪಿನ್ ಅಟ್ ದ ಸವಾಯ್' ಎಡ್ಗರ್ ಸ್ಯಾಂಪ್ಸನ್ ರಚನೆ. ಸ್ಯಾಂಪ್ಸನ್ ವೆಬ್ ತಂಡದ ಸ್ಯಾಕ್ಸೊಫೋನ್ ವಾದಕ. ತಂಡ ಅದನ್ನು ಮುದ್ರಿಸಿದ್ದು 1934ರಲ್ಲಿ. 'ಡೋಂಟ್ ಬಿ ದಟ್ ವೇ' ಕೂಡ ಸ್ಯಾಂಪ್ಸನ್‌ದೇ, ಮುದ್ರಣವೂ ಅದೇ ವರ್ಷ. ದೇಶ ಈ ಎರಡನ್ನೂ ತಲೆ ಮೇಲೆ ಹೊತ್ತದ್ದು ಮಾತ್ರ ಗುಡ್‌ಮನ್ ನುಡಿಸಿದ ಮೇಲೆ. ಎರಡರ ಹಕ್ಕಿನ ಪಟ್ಟಿಯಲ್ಲೂ ಗುಡ್‌ಮನ್ ಹೆಸರು ಸೇರಿತು. 1938ರ ಜನವರಿ 16ರಂದು ಕಾರ್ನೆಗಿ ಹಾಲ್‌ನ ಪ್ರಸಿದ್ಧ ಕಛೇರಿಯನ್ನು ಗುಡ್‌ಮನ್ ಆರಂಭಿಸಿದ್ದು 'ಡೋಂಟ್ ಬಿ ದಟ್ ವೇ' ಮೂಲಕ. ಅದೇ ರಾತ್ರಿ, ಆರೇಳು ಕಿಲೋಮೀಟರ್ ದೂರದ ಸವಾಯ್‌ನಲ್ಲಿ ವೆಬ್ ತಂಡ ಕೌಂಟ್ ಬೇಸಿ ತಂಡದೊಂದಿಗೆ ಪೈಪೋಟಿಗೆ ನಿಂತಿತ್ತು. ಕಾರ್ನೆಗಿಯ ಕಛೇರಿ ಇತಿಹಾಸದ ಪುಸ್ತಕ ಸೇರಿತು. ಸವಾಯ್‌ನ ರಾತ್ರಿ ಯಾರು ಗೆದ್ದರು ಎನ್ನುವ ವಾದವಾಗಿ ಉಳಿಯಿತು.

ಗುಡ್‌ಮನ್‌ನನ್ನು ಖಳನಾಯಕ ಮಾಡೋದು ಸುಲಭ, ಆದರೆ ಅದು ತಪ್ಪು. ಟೆಡ್ಡಿ ವಿಲ್ಸನ್, ಲಯನೆಲ್ ಹ್ಯಾಂಪ್ಟನ್‌ರಂಥ ಕಪ್ಪು ಕಲಾವಿದರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಾರ್ವಜನಿಕವಾಗಿ ನುಡಿಸುವ ಧೈರ್ಯ ಆತನಿಗಿತ್ತು. ಸಮಸ್ಯೆ ವ್ಯಕ್ತಿಯದ್ದಲ್ಲ. ಯಾವ ಹೋಟೆಲ್ ಯಾರನ್ನು ಬುಕ್ ಮಾಡುತ್ತೆ, ಯಾವ ಜಾಹೀರಾತುದಾರ ಯಾರ ರೇಡಿಯೋ ಕಾರ್ಯಕ್ರಮಕ್ಕೆ ದುಡ್ಡು ಹಾಕುತ್ತಾನೆ, ಹಕ್ಕಿನ ಕಾಗದ ಯಾರು ಬರೆಯುತ್ತಾರೆ ಎಂಬ ವ್ಯವಸ್ಥೆಯದ್ದು. ಒಳ್ಳೆಯ ಮನುಷ್ಯನೂ ಆ ವ್ಯವಸ್ಥೆಯ ಫಲ ಉಣ್ಣುತ್ತಾನೆ.

ವೆಬ್‌ಗೆ ದೇಶವ್ಯಾಪಿ ಯಶಸ್ಸು ಬಂದದ್ದು ಒಬ್ಬ ಹುಡುಗಿಯ ದನಿಯಿಂದ. ಸುಧಾರಣಾ ಶಾಲೆಯಿಂದ ತಪ್ಪಿಸಿಕೊಂಡು ಬೀದಿಯಲ್ಲಿ ದಿನ ದೂಡಿದ್ದ ಎಲಾ ಫಿಟ್ಜ್‌ಜೆರಾಲ್ಡ್‌ಳನ್ನು 1935ರಲ್ಲಿ ಆತ ತಂಡಕ್ಕೆ ತೆಗೆದುಕೊಂಡ, ಅದೂ ಮೊದಲು ಅನುಮಾನಿಸಿಯೇ. 1938ರ ಮೇ 2ರಂದು ಮುದ್ರಿಸಿದ 'ಎ ಟಿಸ್ಕೆಟ್, ಎ ಟಾಸ್ಕೆಟ್' ಮನೆಮನೆ ತಲುಪಿತು. ಆ ಹೊತ್ತಿಗೆ ಡ್ರಮ್ಮರನ ದೇಹ ಸೋಲುತ್ತಿತ್ತು. ನೋವು ನುಂಗಿಕೊಂಡು ಊರೂರು ತಿರುಗಿದ, ತಂಡದವರ ಸಂಬಳ ನಿಲ್ಲಬಾರದಲ್ಲ. 1939ರ ಜೂನ್ 16ರಂದು, ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ನಂತರ ಸತ್ತ. 34 ವರ್ಷ.

1947ರಲ್ಲಿ ಪೂರ್ವ ಬಾಲ್ಟಿಮೋರ್‌ನ ಕಪ್ಪು ಮಕ್ಕಳಿಗಾಗಿ ಆತನ ಹೆಸರಿನ ಮನರಂಜನಾ ಕೇಂದ್ರ ತೆರೆಯಿತು. ಡ್ರಮ್ ಕೊಳ್ಳಲು ಒಂದು ಮಗು ಪೇಪರ್ ಮಾರಬೇಕಾಗಿ ಬಂದ ಊರಿನಲ್ಲಿ, ಮಕ್ಕಳು ಪುಕ್ಕಟೆ ಆಡಿ ಕಲಿಯಲು ಒಂದು ಜಾಗ. ಕಿರೀಟ ಯಾರದು ಎಂಬ ಜಗಳಕ್ಕಿಂತ ನನಗೆ ಇದೇ ಸರಿಯಾದ ಸ್ಮಾರಕ ಅನ್ನಿಸುತ್ತೆ. ಒಬ್ಬ ಚಿಕ್ ವೆಬ್ ಎಲ್ಲ ಅಡ್ಡಿ ದಾಟಿ ಬಂದ ಅಂತ ಚಪ್ಪಾಳೆ ತಟ್ಟುವುದು ಸುಲಭ. ಅದೇ ಬೀದಿಯಲ್ಲಿ ದಾಟಲಾಗದೆ ಉಳಿದ ಮಕ್ಕಳು ಎಷ್ಟು ಅನ್ನೋದು ರಾಜಕೀಯದ ಪ್ರಶ್ನೆ. ನಮ್ಮ ಬೀದಿಗಳಲ್ಲೂ ಕೇಳಬೇಕಾದದ್ದು ಅದನ್ನೇ.