ಕಿವುಡ ಸಂಗೀತಗಾರ ಬೀಥೋವನ್

ಸಂಗೀತವನ್ನೇ ನಂಬಿ ಹೊಟ್ಟೆ ಹೊರೆಯುವವನಿಗೆ ಕಿವಿಯೇ ಬಂಡವಾಳ. ಆ ಬಂಡವಾಳವು ಇಪ್ಪತ್ತೇಳು ಇಪ್ಪತ್ತೆಂಟರ ಹರೆಯದಲ್ಲಿಯೇ ಕರಗತೊಡಗಿದರೆ ಅವನ ಗತಿಯೇನು? ಲುಡ್ವಿಗ್ ಫಾನ್ ಬೀಥೋವನ್ ಎಂಬ ಜರ್ಮನ್ ಸಂಗೀತಗಾರನಿಗೆ ಒದಗಿದ ವಿಪತ್ತು ಇದೇ.

ಆತನು 1770ರ ಡಿಸೆಂಬರಿನಲ್ಲಿ ರೈನ್ ನದೀತೀರದ ಬಾನ್ ಪಟ್ಟಣದಲ್ಲಿ ಜನಿಸಿದನು. ಅಜ್ಜನು ಅಲ್ಲಿಯ ಆಸ್ಥಾನದ ಸಂಗೀತಮುಖ್ಯಸ್ಥನಾಗಿದ್ದನು. ತಂದೆಯೂ ಆಸ್ಥಾನದ ಗಾಯಕನೇ. ಆದರೆ ಕುಡಿತಕ್ಕೆ ಬಲಿಯಾದವನು. 1787ರಲ್ಲಿ ತಾಯಿ ಕ್ಷಯರೋಗದಿಂದ ತೀರಿಕೊಂಡಳು. ಎರಡು ವರ್ಷಗಳ ತರುವಾಯ, ಇನ್ನೂ ಹತ್ತೊಂಬತ್ತು ತುಂಬದ ಹುಡುಗನು, ತಂದೆಯ ಸಂಬಳದ ಅರ್ಧಭಾಗವನ್ನು ತನ್ನ ಕೈಗೆ ಕೊಡಿಸಬೇಕೆಂದು ಅರ್ಜಿ ಬರೆದು, ಇಬ್ಬರು ತಮ್ಮಂದಿರ ಹೊರೆಯನ್ನು ಹೊತ್ತನು. 1792ರಲ್ಲಿ ವಿಯೆನ್ನಾ ನಗರವನ್ನು ಸೇರಿ ಹೈಡನ್ನನಲ್ಲಿ ಪಾಠಕ್ಕೆ ನಿಂತನು. ಅನಂತರ ಹುಟ್ಟೂರಿಗೆ ಮರಳಲೇ ಇಲ್ಲ. ಇದರ ಅರ್ಥವನ್ನು ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೆಲವೇ ವರ್ಷಗಳಲ್ಲಿ ಪಿಯಾನೊ ವಾದನದಲ್ಲಿ ಆತನಿಗೆ ಸಮನಿಲ್ಲವೆಂದು ವಿಯೆನ್ನಾದ ಶ್ರೀಮಂತರು ಕೊಂಡಾಡತೊಡಗಿದರು. ಅಷ್ಟರಲ್ಲಿ ಕಿವಿಯಲ್ಲಿ ಹಗಲಿರುಳೂ ಒಂದು ಮೊರೆತ ಆರಂಭವಾಯಿತು. ವಾದ್ಯಗಳ ಮೇಲಿನ ಸ್ವರಗಳು ಕೇಳಿಸದಾದವು. ನಾಟಕಶಾಲೆಯಲ್ಲಿ ನಟರ ಮಾತು ತಿಳಿಯಬೇಕಾದರೆ ವಾದ್ಯಗಾರರ ಬಳಿಗೇ ಸರಿದು ಕೂಡಬೇಕಾಯಿತು. ಮೆಲ್ಲಗೆ ಆಡಿದರೆ ಕೇಳಿಸದು, ಕೂಗಿದರೆ ಸಹಿಸಲಾಗದು. 1801ರಲ್ಲಿ ಇಬ್ಬರು ಆಪ್ತಮಿತ್ರರಿಗೆ ಮಾತ್ರ ಆತನು ಈ ಗುಟ್ಟನ್ನು ಪತ್ರಮುಖೇನ ತಿಳಿಸಿದನು. ಬೇರೆ ಕಸುಬಾಗಿದ್ದರೆ ಹೇಗೋ ಸಾಗುತ್ತಿತ್ತು. ಸಂಗೀತಗಾರನು ಕಿವುಡನೆಂದು ತಿಳಿದರೆ ಪ್ರತಿಸ್ಪರ್ಧಿಗಳು ಏನೆಂದಾರು ಎಂಬ ಅಂಜಿಕೆಯಿಂದ ಜನರ ಸಹವಾಸವನ್ನೇ ತ್ಯಜಿಸಿದನು. ಆತನು ಗರ್ವಿಷ್ಠನೆಂದು ಹಲವರು ತಿಳಿದರು. ಮುಂಗೋಪಿಯಂತೂ ಹೌದು, ಆದರೆ ಆ ದೂರವಿರುವಿಕೆಗೆ ಗರ್ವಕ್ಕಿಂತ ನಾಚಿಕೆಯೇ ಹೆಚ್ಚು ಕಾರಣವೆಂದು ನಮಗೆ ತೋರುತ್ತದೆ.

ವೈದ್ಯರು ಕಿವಿಗೆ ಬಾದಾಮಿ ಎಣ್ಣೆ ಹಾಕಿಸಿದರು. ತಣ್ಣೀರ ಸ್ನಾನ, ಡ್ಯಾನ್ಯೂಬ್ ನದಿಯ ಬೆಚ್ಚಗಿನ ನೀರಿನ ಸ್ನಾನ ಮಾಡಿಸಿದರು. ಒಬ್ಬ ವೈದ್ಯನು ಎರಡೂ ತೋಳುಗಳಿಗೆ ಗಿಡದ ತೊಗಟೆಯನ್ನು ಕಟ್ಟಿ ಬೊಕ್ಕೆ ಎಬ್ಬಿಸಿದನು. ಪಿಯಾನೊ ನುಡಿಸುವವನಿಗೆ ತೋಳುಗಳೇ ಏಳದಂತಾದವು. ಕಿವಿಗೆ ಗುಣ ಕಾಣಲಿಲ್ಲ. 1802ರಲ್ಲಿ, ಕಿವಿಗೆ ವಿಶ್ರಾಂತಿ ದೊರೆಯಲೆಂದು ವೈದ್ಯರ ಸಲಹೆಯಂತೆ ಹೈಲಿಗೆನ್‌ಷ್ಟಾಟ್ ಎಂಬ ಹಳ್ಳಿಯಲ್ಲಿ ತಂಗಿದನು. ಅಲ್ಲಿ ಜೊತೆಗಿದ್ದವನಿಗೆ ದೂರದ ಕೊಳಲಿನ ದನಿ ಕೇಳಿಸಿತು; ಆತನಿಗೆ ಕೇಳಿಸಲಿಲ್ಲ. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂದಿತು. ಅಕ್ಟೋಬರಿನಲ್ಲಿ ತಮ್ಮಂದಿರಿಗೆಂದು ಒಂದು ದೀರ್ಘ ಪತ್ರವನ್ನು ಬರೆದು, ಕಲೆಯೊಂದೇ ತನ್ನನ್ನು ತಡೆಯಿತೆಂದು ಅದರಲ್ಲಿ ತೋಡಿಕೊಂಡನು. ಪತ್ರವನ್ನು ಕಳುಹಿಸಲಿಲ್ಲ. ವಿಯೆನ್ನಾಕ್ಕೆ ಹಿಂದಿರುಗಿ ಮೂರನೆಯ ಸಿಂಫನಿಯನ್ನು ರಚಿಸಲು ತೊಡಗಿದನು.

ಕೇಳಿಸದ ಸಂಗೀತವನ್ನು ರಚಿಸುವುದು ಹೇಗೆಂಬ ಸಂದೇಹ ಸಹಜವೇ. ಊರಿನಿಂದ ಬಂದ ಕಾಗದವನ್ನು ಓದುವಾಗ ಬರೆದವರ ಧ್ವನಿಯೇ ನಮ್ಮೊಳಗೆ ಕೇಳುವುದಿಲ್ಲವೇ? ಬಾಲ್ಯದಿಂದ ಪಳಗಿದವನಿಗೆ ಸ್ವರಲಿಪಿಯೂ ಹಾಗೆಯೇ. ಟಿಪ್ಪಣಿ ಪುಸ್ತಕವೊಂದನ್ನು ಜೇಬಿನಲ್ಲಿಟ್ಟುಕೊಂಡು ಆತನು ಹೊಲಗದ್ದೆಗಳಲ್ಲಿ ಗಂಟೆಗಟ್ಟಲೆ ಅಲೆಯುತ್ತಿದ್ದನು. ಹೊಳೆದುದನ್ನು ನಿಂತಲ್ಲೇ ಗೀಚಿ, ಹೊಡೆದುಹಾಕಿ, ಮತ್ತೆ ತಿದ್ದುತ್ತಿದ್ದನು.

ಆದರೆ ರಚನೆ ಬೇರೆ, ವಾದನ ಬೇರೆ. 1809ರಲ್ಲಿ ಫ್ರೆಂಚರು ವಿಯೆನ್ನಾದ ಮೇಲೆ ಫಿರಂಗಿ ಹಾರಿಸಿದಾಗ, ಉಳಿದಷ್ಟು ಶ್ರವಣವನ್ನಾದರೂ ಕಾಪಾಡಿಕೊಳ್ಳಲು ತಮ್ಮನ ಮನೆಯ ನೆಲಮಾಳಿಗೆಯಲ್ಲಿ ತಲೆದಿಂಬುಗಳಿಂದ ಕಿವಿ ಮುಚ್ಚಿಕೊಂಡು ಕುಳಿತಿದ್ದನು. ಮೇಲ್ಟ್ಸೆಲ್ ಎಂಬ ಯಂತ್ರಕುಶಲನು ತುತ್ತೂರಿಯಾಕಾರದ ಶ್ರವಣನಳಿಗೆಗಳನ್ನು ಮಾಡಿಕೊಟ್ಟನು. 1814ರಲ್ಲಿ ಆತನ ವಾದನದ ತಾಲೀಮನ್ನು ಕೇಳಿದ ಷ್ಪೋರ್ ಎಂಬ ಸಂಗೀತಗಾರನಿಗೆ ದುಃಖವೇ ಆಯಿತು. ಬಿರುಸಿನ ಕಡೆ ತಂತಿಗಳು ಕಿರುಗುಟ್ಟುವಂತೆ ಬಡಿತ, ಮೆಲುಪಿನ ಕಡೆ ಸ್ವರಗಳೇ ಮಾಯ. ಅಲ್ಲಿಗೆ ಸಭೆಯಲ್ಲಿ ಪಿಯಾನೊ ನುಡಿಸುವುದು ಬಹುಮಟ್ಟಿಗೆ ನಿಂತಿತು.

ಮನೆಯಲ್ಲಿ ಮಾತ್ರ ನಿಲ್ಲಲಿಲ್ಲ. ಲಂಡನ್ನಿನ ಬ್ರಾಡ್‌ವುಡ್ ಸಂಸ್ಥೆಯವರು ಕಾಣಿಕೆಯಾಗಿ ಕಳುಹಿಸಿದ ಪಿಯಾನೊ 1818ರಲ್ಲಿ ಬಂದು ಸೇರಿತ್ತು. ಆ ಕಾಲದಲ್ಲಿ ಆತನನ್ನು ಕಂಡ ಆಂಗ್ಲ ಪ್ರವಾಸಿಯೊಬ್ಬನು ಒಂದು ಸೋಜಿಗವನ್ನು ಬರೆದಿಟ್ಟಿದ್ದಾನೆ. ಮೆಲ್ಲನೆಯ ಭಾಗ ಬಂದಾಗ ಬೆರಳು ಮನೆಗಳನ್ನು ಮುಟ್ಟಿಯೂ ಮುಟ್ಟದಂತಿರುತ್ತಿತ್ತು, ವಾದ್ಯದಿಂದ ಶಬ್ದವೇ ಹೊರಡುತ್ತಿರಲಿಲ್ಲ. ಆದರೂ ರಾಗವು ಇಳಿದಿಳಿದು ಅಡಗುವವರೆಗೂ ಆತನು ಅದನ್ನು ಅನುಸರಿಸುತ್ತಿರುವುದು ಕಣ್ಣುಗಳಲ್ಲಿ ಕಾಣುತ್ತಿತ್ತಂತೆ. ಕೋಣೆಯಲ್ಲಿದ್ದವರಲ್ಲಿ ಆಗ ಸಂಗೀತವನ್ನು ಕೇಳುತ್ತಿದ್ದವನು ಆ ಕಿವುಡನೊಬ್ಬನೇ!

1818ರಿಂದ ಬಂದವರು ತಮ್ಮ ಮಾತನ್ನು ಪುಸ್ತಕದಲ್ಲಿ ಬರೆಯುತ್ತಿದ್ದರು, ಆತನು ಬಾಯಿಂದ ಉತ್ತರ ಕೊಡುತ್ತಿದ್ದನು. ಆದಕಾರಣ ಉಳಿದಿರುವ ಆ ಪುಸ್ತಕಗಳಲ್ಲಿ ಪ್ರಶ್ನೆಗಳಿವೆ, ಉತ್ತರಗಳು ವಿರಳ.

1824ರ ಮೇ 7ರಂದು ಒಂಬತ್ತನೆಯ ಸಿಂಫನಿಯ ಪ್ರಥಮ ಪ್ರಯೋಗವಾಯಿತು. ಬೀಥೋವನ್ನನು ವೇದಿಕೆಯ ಮೇಲೆ ನಿಂತಿದ್ದನಾದರೂ ವಾದ್ಯಗಾರರು ನೋಡುತ್ತಿದ್ದುದು ಉಮ್ಲಾಫ್ ಎಂಬ ನಿರ್ದೇಶಕನ ಕೈಯನ್ನು. ಸಭೆಯು ಚಪ್ಪಾಳೆಯಿಂದ ತುಂಬಿದರೂ ಆತನು ಜನರಿಗೆ ಬೆನ್ನು ಮಾಡಿಕೊಂಡೇ ಇದ್ದನು. ಕರೊಲೀನ್ ಉಂಗರ್ ಎಂಬ ಗಾಯಕಿ ಮೆಲ್ಲನೆ ಆತನನ್ನು ಜನರತ್ತ ತಿರುಗಿಸಿದಳು. ಬೀಸುತ್ತಿದ್ದ ಕರವಸ್ತ್ರಗಳನ್ನು ಕಂಡು ಆತನು ತಲೆಬಾಗಿಸಿದನು.

1827ರ ಮಾರ್ಚ್ 26ರಂದು ಆತನು ನಿಧನ ಹೊಂದಿದನು. ಶವಪರೀಕ್ಷೆಯಲ್ಲಿ ಶ್ರವಣನರಗಳು ಸೊರಗಿದ್ದುದು ಕಂಡುಬಂದಿತು. 2023ರಲ್ಲಿ ವಿಜ್ಞಾನಿಗಳು ಆತನ ಕೂದಲನ್ನು ಪರೀಕ್ಷಿಸಿ ಯಕೃತ್ತಿನ ರೋಗದ ಸುಳಿವು ಹಿಡಿದರು. ಕಿವುಡಿನ ಕಾರಣ ಅಲ್ಲಿಯೂ ಸಿಕ್ಕಲಿಲ್ಲ. ಸತ್ತ ಮೇಲೆ ಮಿತ್ರರು ಆತನ ಕಾಗದಪತ್ರಗಳನ್ನು ಶೋಧಿಸುವಾಗ, ಹೈಲಿಗೆನ್‌ಷ್ಟಾಟಿನಲ್ಲಿ ಬರೆದ ಆ ಪತ್ರವು ಸಿಕ್ಕಿತು. ಇಪ್ಪತ್ತನಾಲ್ಕು ವರ್ಷ ಮನೆಯಿಂದ ಮನೆಗೆ ಬದಲಾಯಿಸುತ್ತಿದ್ದರೂ ಆತನು ಅದನ್ನು ಹರಿದುಹಾಕಿರಲಿಲ್ಲ.