ಗೋಪಕಪಟ್ಟಣದ ಜಯಕೇಶಿ ಮತ್ತು ಅವನ ಗಿಳಿ

ಬನವಾಸಿಯ ಕದಂಬರ ಹೆಸರನ್ನೂ ಸಿಂಹಲಾಂಛನವನ್ನೂ ಹೊತ್ತು ಕಡಲ ದಡದಲ್ಲಿ ಬೆಳೆದ ಅರಸುಮನೆತನ ಗೋವೆಯ ಕದಂಬರದು. ಷಷ್ಠದೇವನ ಮಗನಾದ ಒಂದನೆಯ ಜಯಕೇಶಿಯು 11ನೆಯ ಶತಮಾನದ ನಡುಭಾಗದಲ್ಲಿ ಈ ವಂಶದ ಪಟ್ಟವೇರಿದನು. ಜುವಾರಿ ನದಿಯ ದಡದ ಗೋಪಕಪಟ್ಟಣ, ಅಂದರೆ ಇಂದಿನ ಗೋವಾ ವೆಲ್ಹಾ, ಅವನ ಕಾಲದಲ್ಲಿ ದೂರದೇಶಗಳ ಹಡಗುಗಳು ಬಂದು ನಿಲ್ಲುವ ರೇವುಪಟ್ಟಣವಾಗಿ ಮೆರೆಯಿತು.

ಜಯಕೇಶಿಯು ಅನ್ಯರನ್ನು ಬೆದರಿಸಿ ಅಧೀನರನ್ನಾಗಿಸುವುದಕ್ಕಿಂತ ಅವರ ವಿಶ್ವಾಸವನ್ನು ಗಳಿಸುವುದರಲ್ಲಿ ಜಾಣನಾಗಿದ್ದನು. ಅರಬ್ ವರ್ತಕ ಮನೆತನದ ಛಡಮನಿಗೆ ಆಡಳಿತದ ಹೊಣೆಯನ್ನು ವಹಿಸಿದನು. ಪಟ್ಟಣದ ಮಸೀದಿಯ ನಿರ್ವಹಣೆಗಾಗಿ ಹಡಗುಗಳಿಂದ ಸುಂಕವನ್ನು ಪಡೆಯಲು 1053ರ ತಾಮ್ರಶಾಸನದ ಮೂಲಕ ಅನುಮತಿಯಿತ್ತನು. ಮಗಳು ಮಯಣಲ್ಲದೇವಿಯನ್ನು ಗುಜರಾತಿನ ಚೌಲುಕ್ಯ ಕರ್ಣನಿಗೆ ಕೊಟ್ಟನು. ಪ್ರಸಿದ್ಧನಾದ ಸಿದ್ಧರಾಜ ಜಯಸಿಂಹನು ಆಕೆಯ ಮಗ. ಕಲ್ಯಾಣದ ಆರನೆಯ ವಿಕ್ರಮಾದಿತ್ಯನಿಗೆ ಜಯಕೇಶಿಯು ಬೇಡಿದ್ದಕ್ಕಿಂತ ಹೆಚ್ಚಿನ ಧನವನ್ನಿತ್ತನೆಂದು ಬಿಲ್ಹಣನು ಬಣ್ಣಿಸಿದ್ದಾನೆ.

ಅವನ ಬಾಳಿನ ಕೊನೆಯನ್ನು ತಿಳಿಸುವುದು ಶಾಸನವಲ್ಲ, ಒಂದು ಪ್ರಬಂಧ. 14ನೆಯ ಶತಮಾನದ ಆರಂಭದಲ್ಲಿ ಜೈನ ವಿದ್ವಾಂಸ ಮೇರುತುಂಗನು ರಚಿಸಿದ ಪ್ರಬಂಧಚಿಂತಾಮಣಿಯಲ್ಲಿ ಆ ಕಥೆಯಿದೆ. ಜಯಕೇಶಿಯ ಬಳಿ ಒಂದು ಸಾಕುಗಿಳಿಯಿತ್ತು. ಒಂದು ದಿನ ಊಟಕ್ಕೆ ಕುಳಿತ ಅರಸನು ಅದನ್ನು ಪಂಜರದಿಂದ ತನ್ನ ಬಳಿಗೆ ಕರೆದನು. ಬೆಕ್ಕಿನ ಭಯವಿದೆಯೆಂದು ಗಿಳಿ ಹಿಂಜರಿಯಿತು. ಕರೆದರೂ ಬಾರದ ಹಕ್ಕಿಯನ್ನು ಅವನು ಗದರಿಸಲಿಲ್ಲ, ಹಿಡಿದು ತರಿಸಲೂ ಇಲ್ಲ. ಸುತ್ತ ನೋಡಿದನು, ಬೆಕ್ಕು ಕಾಣಲಿಲ್ಲ. ಬೆಕ್ಕಿನಿಂದ ಗಿಳಿಗೆ ಸಾವು ಬಂದರೆ ತಾನೂ ಅದರೊಡನೆ ಸಾಯುವುದಾಗಿ ಮಾತು ಕೊಟ್ಟನು. ಆ ಮಾತನ್ನು ನಂಬಿ ಗಿಳಿಯು ಹಾರಿ ಬಂದು ತಟ್ಟೆಯ ಮೇಲೆ ಕುಳಿತಿತು. ಆ ತಟ್ಟೆಯ ಕೆಳಗೇ ಅಡಗಿದ್ದ ಬೆಕ್ಕು ಅದನ್ನು ಕೊಂದಿತು.

ಅರಸನು ತುತ್ತನ್ನು ಬಿಟ್ಟು ಎದ್ದನು. ಪರಿವಾರದವರು ಬಗೆಬಗೆಯಾಗಿ ತಡೆದರು. ರಾಜ್ಯವೂ ಸಂಪತ್ತೂ ಪ್ರಾಣವೂ ಹೋದರೆ ಹೋಗಲಿ, ಆಡಿದ ಮಾತು ಹೋಗಬಾರದೆಂಬ ನಿಶ್ಚಯದಿಂದ ಜಯಕೇಶಿಯು ಗಿಳಿಯೊಡನೆ ಚಿತೆಯನ್ನೇರಿದನೆಂದು ಮೇರುತುಂಗನು ಹೇಳುತ್ತಾನೆ.

ಎರಡು ಶತಮಾನಗಳಿಗೂ ಮೀರಿದ ಅಂತರದಿಂದ ಬರೆದ ಈ ವೃತ್ತಾಂತವನ್ನು ಚರಿತ್ರೆಯೆಂದು ಒಪ್ಪುವಲ್ಲಿ ಎಚ್ಚರ ಬೇಕು. ಆದರೆ ಮನುಷ್ಯನಿಗೂ ಸಾಕುಪ್ರಾಣಿಗೂ ಇದ್ದ ನಂಟಿಗೆ ಕನ್ನಡ ನಾಡಿನಲ್ಲಿ ಕಲ್ಲಿನ ಸಾಕ್ಷಿಯೂ ಇದೆ. ಜಯಕೇಶಿಗಿಂತ ಒಂದು ಶತಮಾನ ಹಿಂದೆ, ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನು ಒಡೆಯನ ಮೆಚ್ಚುಗೆಯಾಗಿ ಬೇಡಿಕೊಂಡದ್ದು ಕಾಳಿಯೆಂಬ ನಾಯಿಯನ್ನು. ಹಂದಿಯೊಡನೆ ಹೋರಾಡಿ ಮಡಿದ ಆ ನಾಯಿಗಾಗಿ ಅವನು ನಿಲ್ಲಿಸಿದ ಆತಕೂರಿನ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ.

ಪ್ರಾಣಿಗಳನ್ನು ಪಳಗಿಸಲು ದಂಡವೊಂದೇ ದಾರಿಯಲ್ಲವೆಂಬುದನ್ನು ಜಯಕೇಶಿಯ ಕಥೆ ಬೇರೊಂದು ಬಗೆಯಲ್ಲಿ ಕಾಣಿಸುತ್ತದೆ. ಬೆದರಿಕೆಯಿಂದ ಬರುವ ಪ್ರಾಣಿ ಹೊಡೆತವನ್ನಷ್ಟೇ ತಪ್ಪಿಸಿಕೊಳ್ಳುತ್ತದೆ. ನಂಬಿ ಬರುವ ಪ್ರಾಣಿ ತನ್ನ ಜೀವವನ್ನೇ ಕರೆದವನ ಕೈಗೆ ಒಪ್ಪಿಸುತ್ತದೆ. ಗಿಳಿಯ ಅಂಜಿಕೆ ನಿಜವಾಗಿತ್ತು. ಅರಸನ ನೋಟವೇ ಸಾಲದಾಯಿತು. ಅವನ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ಎಚ್ಚರದಲ್ಲಿತ್ತು. ಆ ತಪ್ಪಿನ ದಂಡವನ್ನು ಅವನು ಬೆಕ್ಕಿಗಾಗಲಿ ಸೇವಕರಿಗಾಗಲಿ ವಿಧಿಸದೆ ತಾನೇ ತೆತ್ತನು.