ಆಲ್ಫ್ರೆಡೊ ಬಿಂಡಾ: ಟೂರ್ ಗೆಲ್ಲದ ಅಗ್ರಗಣ್ಯ

ಸೈಕಲ್ ಸ್ಪರ್ಧಿಯೊಬ್ಬರ ಯೋಗ್ಯತೆಯನ್ನು ಟೂರ್ ಡಿ ಫ್ರಾನ್ಸ್ ಒಂದರಿಂದಲೇ ಅಳೆಯುವ ರೂಢಿಯಿದೆ. ಆ ಅಳತೆಯಲ್ಲಿ ಇಟಲಿಯ ಆಲ್ಫ್ರೆಡೊ ಬಿಂಡಾ ಅವರಿಗೆ ಸ್ಥಾನವೇ ಇಲ್ಲ. ಅವರು ಆ ಸ್ಪರ್ಧೆಯನ್ನು ಎಂದೂ ಗೆಲ್ಲಲಿಲ್ಲ.

ಬಿಂಡಾ 1902ರ ಆಗಸ್ಟ್ 11ರಂದು ಉತ್ತರ ಇಟಲಿಯ ಚಿತ್ತಿಲ್ಯೊ ಎಂಬ ಊರಿನಲ್ಲಿ ಜನಿಸಿದರು. ಎಳವೆಯಲ್ಲೇ ಫ್ರಾನ್ಸಿನ ನೀಸ್ ನಗರಕ್ಕೆ ತೆರಳಿ ಗಾರೆ ಕೆಲಸ ಮಾಡಿದರು. ಸೈಕಲ್ ಪಂದ್ಯಗಳಿಗೆ ಇಳಿದದ್ದೂ ಅಲ್ಲಿಯೇ. 1925ರಲ್ಲಿ, ಮೊದಲ ಯತ್ನದಲ್ಲೇ, ಇಟಲಿಯ ಮಹಾಸ್ಪರ್ಧೆಯಾದ ಜಿರೊ ದಿತಾಲಿಯಾವನ್ನು ಗೆದ್ದರು. ಅನಂತರ 1927, 1928, 1929 ಮತ್ತು 1933ರಲ್ಲಿಯೂ ಜಯ ಅವರದಾಯಿತು. 1927ರಲ್ಲಂತೂ 15 ಹಂತಗಳ ಪೈಕಿ 12ನ್ನು ತಾವೇ ಗೆದ್ದರು. ಅವರಿದ್ದರೆ ಸ್ಪರ್ಧೆಯ ಕುತೂಹಲವೇ ಉಳಿಯದೆಂದು ಬಗೆದ ಸಂಘಟಕರು, 1930ರಲ್ಲಿ ಭಾಗವಹಿಸದಿರಲೆಂದು ಅವರಿಗೆ 22,500 ಲಿರಾ ನೀಡಿದರು.

ಆ ವರ್ಷ ಬಿಂಡಾ ಟೂರ್‌ಗೆ ಹೋದರು. ಎರಡು ಹಂತಗಳನ್ನು ಗೆದ್ದು, ನಡುವೆಯೇ ಹಿಂದೆ ಸರಿದರು. ಆದರೆ ಅದೇ ವರ್ಷ ವಿಶ್ವ ಚಾಂಪಿಯನ್ ಆದರು. 1927 ಮತ್ತು 1932ರ ವಿಶ್ವ ಪ್ರಶಸ್ತಿಗಳೂ ಅವರವೇ. ಒಂದು ದಿನದ ಸ್ಪರ್ಧೆಗಳ ಪೈಕಿ ಲೊಂಬಾರ್ಡಿಯಾವನ್ನು ನಾಲ್ಕು ಸಲ, ಮಿಲಾನ್–ಸಾನ್ ರೆಮೊವನ್ನು ಎರಡು ಸಲ ಗೆದ್ದರು.

ಮುಂದೆ ಅವರು ಇಟಲಿ ತಂಡದ ಮಾರ್ಗದರ್ಶಕರಾದರು. ಆ ತಂಡದಿಂದ 1948ರಲ್ಲಿ ಬಾರ್ತಾಲಿ, 1949 ಮತ್ತು 1952ರಲ್ಲಿ ಕೊಪ್ಪಿ ಟೂರ್ ಗೆದ್ದರು. ತಮಗೆ ದಕ್ಕದ ಜಯವನ್ನು ಬಿಂಡಾ ಹೀಗೆ ಇತರರಿಗೆ ದೊರಕಿಸಿಕೊಟ್ಟರು.

1986ರ ಜುಲೈ 19ರಂದು ಹುಟ್ಟೂರಿನಲ್ಲೇ ನಿಧನರಾದರು. ಟೂರ್ ಅವರ ಬದುಕಿನ ಕೊರತೆ ನಿಜ. ಆದರೆ ಮೂರು ವಾರಗಳ ಸಹನೆ, ಒಂದು ದಿನದ ಚಾತುರ್ಯ ಎರಡನ್ನೂ ತೂಗಿದಾಗ ಅವರಿಗೆ ಸಮನಾದವರು ವಿರಳ.